ಶಕುನವೂ ಸೂಚನೆಯೂ

ಮನೆಯಿಂದ ಹೊರಟವನ ಎದುರಿಗೆ ಮುಂಗುಸಿ ಹಾದುಹೋದರೆ ಕಾರ್ಯಸಿದ್ಧಿಯೆಂದೂ, ಹಾವು ಅಡ್ಡ ಬಂದರೆ ಕೆಲಸ ಕೆಡುವುದೆಂದೂ, ನಡುರಾತ್ರಿಯಲ್ಲಿ ಮನೆಯ ಮೇಲೆ ಗೂಬೆ ಕೂಗಿದರೆ ಕೇಡು ತಪ್ಪದೆಂದೂ ನಂಬುವ ಸಂಸಾರಗಳು ನಮ್ಮ ನಾಡಿನಲ್ಲಿ ಇಂದಿಗೂ ಕಡಮೆಯಾಗಿಲ್ಲ. ಬೇಲಿಯ ಸಾಲಿನಲ್ಲಿ ಕೆಂಬೂತವು ಕಣ್ಣಿಗೆ ಬಿದ್ದರೆ ರತ್ನಪಕ್ಷಿಯ ದರ್ಶನವಾಯಿತೆಂದು ಹಿಗ್ಗುವವರುಂಟು. ಅನಿರೀಕ್ಷಿತವಾಗಿ ಲಾಭ ಬಂದವನನ್ನು ಕಂಡು, "ಬೆಳಗಾಗೆದ್ದು ನರಿಯ ಮುಖ ನೋಡಿದ್ದೆಯೇನಯ್ಯ?" ಎಂದು ಕೇಳುವುದು ವಾಡಿಕೆ. ತೇರನ್ನೆಳೆಯುವ ಹೊತ್ತಿಗೆ ಆಕಾಶದಲ್ಲಿ ಗರುಡನು ಸುತ್ತು ಹಾಕಿದನೇ ಎಂದು ಜನಸಮೂಹವೆಲ್ಲ ತಲೆಯೆತ್ತಿ ನೋಡುವ ಜಾತ್ರೆಗಳು ಎಷ್ಟೋ ಇವೆ. ಓದು ಬರಹ ಬಲ್ಲವರು ಇವನ್ನೆಲ್ಲ ಹಗಲು ಹೊತ್ತಿನಲ್ಲಿ ನಕ್ಕು ತಳ್ಳಿಹಾಕುವರು; ಆದರೆ ಮನೆಯಲ್ಲಿ ಕೂಸು ಜ್ವರದಿಂದ ಮಲಗಿರುವ ರಾತ್ರಿ ಹಿತ್ತಿಲ ಮರದಿಂದ ಗೂಬೆಯ ದನಿ ಕೇಳಿಬಂದರೆ ಅಂಥವರ ಎದೆಯೂ ಒಮ್ಮೆ ಝಲ್ಲೆನ್ನದೆ ಇರದು.

ಆದುದರಿಂದ ಈ ವಿಷಯವನ್ನು ಬರಿಯ ಮೌಢ್ಯವೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಸರಿಯಲ್ಲ. ಹಿರಿಯರ ಮಾತೆಂದು ಕಣ್ಣು ಮುಚ್ಚಿ ಒಪ್ಪಿಕೊಳ್ಳುವುದೂ ಸರಿಯಲ್ಲ. ಕಾಡಿನ ಪ್ರಾಣಿಯೊಂದು ನಮ್ಮೆದುರಿಗೆ ಬಂದಾಗ ಅದು ನಮಗೇನಾದರೂ ಹೇಳುತ್ತಿದೆಯೆ? ಹೇಳುತ್ತಿದ್ದರೆ ಏನನ್ನು? ಆ ಮಾತನ್ನು ತಪ್ಪಾಗಿ ಕೇಳಿಕೊಂಡರೆ ನಷ್ಟವಾಗುವುದು ಯಾರಿಗೆ? ಈ ಮೂರು ಪ್ರಶ್ನೆಗಳನ್ನು ನಮ್ಮ ವಾಚಕರೊಡನೆ ಕುಳಿತು ವಿಚಾರ ಮಾಡಬೇಕೆಂಬುದೇ ಈ ಲೇಖನದ ಉದ್ದೇಶ. ಮುಂದೆ ತಿಳಿಯಬರುವಂತೆ, ಇದು ಹೊತ್ತು ಕಳೆಯುವುದಕ್ಕಾಗಿ ಎತ್ತಿಕೊಂಡ ಹರಟೆಯಲ್ಲ. ಈ ನಂಬಿಕೆಗಳಿಂದ ಪ್ರಾಣಿಗಳ ಜೀವವೂ ಹೋಗುತ್ತಿದೆ, ಕೆಲವೊಮ್ಮೆ ಮನುಷ್ಯರ ಜೀವವೂ ಹೋಗುತ್ತಿದೆ.

ಹಳೆಯ ಶಾಸ್ತ್ರ

'ಶಕುನ' ಎಂಬ ಸಂಸ್ಕೃತ ಶಬ್ದಕ್ಕೆ ಮೊದಲ ಅರ್ಥವೇ ಹಕ್ಕಿ. ಹಕ್ಕಿಯ ಹಾರಾಟದಿಂದಲೂ ಕೂಗಿನಿಂದಲೂ ಮುಂದಾಗುವುದನ್ನು ತಿಳಿಯುವ ಪದ್ಧತಿ ಎಷ್ಟು ಬೇರೂರಿತ್ತೆಂದರೆ, ಹಕ್ಕಿಯ ಹೆಸರೇ ಭವಿಷ್ಯಸೂಚನೆಯ ಹೆಸರೂ ಆಯಿತು. ೬ನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಈ ವಿಷಯಕ್ಕೆ ಹಲವು ಅಧ್ಯಾಯಗಳನ್ನು ಮೀಸಲಿಟ್ಟಿದ್ದಾನೆ. ನಮ್ಮ ಕನ್ನಡದಲ್ಲಿ ೧೧ನೆಯ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ಲೋಕೋಪಕಾರವೆಂಬ ಗ್ರಂಥವು ಗೃಹಸ್ಥನಿಗೆ ಬೇಕಾದ ಬಾವಿ, ತೋಟ, ಅಡುಗೆ, ಔಷಧ ಮುಂತಾದ ಸಂಗತಿಗಳೊಡನೆ ಶಕುನವನ್ನೂ ಸೇರಿಸಿಕೊಂಡಿದೆ. ಅಂದಿನವರ ದೃಷ್ಟಿಯಲ್ಲಿ ಬಾವಿ ತೋಡುವ ಸ್ಥಳವನ್ನು ಅರಿಯುವುದೂ ಹಕ್ಕಿಯ ನುಡಿಯನ್ನು ಅರಿಯುವುದೂ ಒಂದೇ ಬಗೆಯ ತಿಳಿವಳಿಕೆಯಾಗಿತ್ತೆಂದು ಇದರಿಂದ ಗೊತ್ತಾಗುವುದು.

ಶಾಸ್ತ್ರವು ಗ್ರಂಥದಲ್ಲಿದ್ದರೆ ಅದರ ಪ್ರಯೋಗವು ಬೀದಿಯಲ್ಲಿತ್ತು. ಬೆಳಗಿನ ಜಾವದಲ್ಲಿ ಪುಟ್ಟ ಡಮರುವಿನ ಸದ್ದಿನೊಡನೆ ಬಾಗಿಲಿಗೆ ಬರುತ್ತಿದ್ದ ಬುಡಬುಡಿಕೆಯವನನ್ನು ಹಿರಿಯ ವಾಚಕರೆಲ್ಲರೂ ಬಲ್ಲರು. ಊರಾಚೆಯ ಮರದ ಕೆಳಗೆ ಹಾಲಕ್ಕಿಯ ನುಡಿಯನ್ನು ಕೇಳಿ ಬಂದಿರುವೆನೆಂದು ಹೇಳಿ ಅವನು ಮನೆಮನೆಗೂ ಶುಭ ನುಡಿಯುವನು. ಈ ಹಾಲಕ್ಕಿ ಬೇರಾವುದೂ ಅಲ್ಲ, ಮೈಮೇಲೆ ಬಿಳಿಯ ಚುಕ್ಕೆಗಳುಳ್ಳ ಸಣ್ಣ ಗೂಬೆ. ಹಳೆಯ ಮರದ ಪೊಟರೆಯಲ್ಲಿ ಜೋಡಿಯಾಗಿ ವಾಸಿಸಿ, ಸಂಜೆಯಾಗುತ್ತಲೇ ಹೊರಬಿದ್ದು, ಕೀಟಗಳನ್ನೂ ಸಣ್ಣ ಇಲಿಗಳನ್ನೂ ಹಿಡಿದು ತಿನ್ನುವ ನಿರುಪದ್ರವಿಯಾದ ಪಕ್ಷಿ. ದೊಡ್ಡ ಗೂಬೆ ಕೂಗಿದರೆ ಮರಣವೆಂದು ಹೆದರುವ ಜನವೇ ಈ ಚಿಕ್ಕ ಗೂಬೆಯ ಮಾತನ್ನು ದೈವವಾಣಿಯೆಂದು ತಿಳಿದು ಮೊರ ತುಂಬ ಧಾನ್ಯ ಕೊಟ್ಟುದು ವಿಚಿತ್ರವಾಗಿ ತೋರಬಹುದು. ಆದರೆ ಶಕುನದ ಫಲವು ಪ್ರಾಣಿಯ ಮೈಯಲ್ಲಿ ಇರುವುದಿಲ್ಲವೆಂಬುದಕ್ಕೆ ಇದೇ ಮೊದಲನೆಯ ಸಾಕ್ಷಿ. ಬಂಗಾಳದ ಮನೆಗಳಲ್ಲಿ ಗೂಬೆಯು ಲಕ್ಷ್ಮಿಯ ವಾಹನವೆಂದು ಪೂಜ್ಯವಾಗಿದೆ. ಹಕ್ಕಿ ಒಂದೇ, ಕೇಳುವ ಕಿವಿ ಬೇರೆ.

ಮೊಲವು ನಾಯಿಯನ್ನಟ್ಟಿದ ನೆಲ

ಕನ್ನಡ ನಾಡಿನ ಹಿರಿಯ ಸ್ಥಳಗಳ ಹುಟ್ಟನ್ನು ವಿಚಾರಿಸಿದರೆ ಅಲ್ಲೊಂದು ಪ್ರಾಣಿ ನಿಂತಿರುವುದು ಕಾಣುತ್ತದೆ. ತುಂಗಾತೀರದಲ್ಲಿ ಸುಡುವ ಬಿಸಿಲಿಗೆ ಬಳಲುತ್ತಿದ್ದ ಗರ್ಭಿಣಿ ಕಪ್ಪೆಗೆ ನಾಗರಹಾವು ಹೆಡೆಯೆತ್ತಿ ನೆರಳು ಕೊಡುತ್ತಿದ್ದುದನ್ನು ಶಂಕರಾಚಾರ್ಯರು ಕಂಡು, ಹುಟ್ಟು ವೈರವೂ ಅಡಗಿರುವ ಆ ಸ್ಥಳದಲ್ಲಿಯೇ ಪೀಠವನ್ನು ಸ್ಥಾಪಿಸಿದರೆಂಬುದು ಶೃಂಗೇರಿಯ ಐತಿಹ್ಯ. ಅಲ್ಲಿನ ಸ್ನಾನಘಟ್ಟದಲ್ಲಿರುವ ಕಪ್ಪೆಶಂಕರನ ಗುಡಿಯನ್ನು ಯಾತ್ರಿಕರು ಇಂದಿಗೂ ದರ್ಶನ ಮಾಡುವರು. ತುಂಗಭದ್ರೆಯ ದಡದಲ್ಲಿ ಬೇಟೆಗೆ ಹೋದ ಹರಿಹರ ಬುಕ್ಕರ ನಾಯಿಗಳನ್ನು ಮೊಲವೊಂದು ತಿರುಗಿ ಅಟ್ಟಿತೆಂದೂ, ಆ ಸುದ್ದಿಯನ್ನು ಕೇಳಿದ ವಿದ್ಯಾರಣ್ಯರು ಅಲ್ಲಿಯೇ ರಾಜಧಾನಿಯನ್ನು ಕಟ್ಟಲು ಹೇಳಿದರೆಂದೂ, ೧೩೩೬ರಲ್ಲಿ ವಿಜಯನಗರವು ಹೀಗೆ ಹುಟ್ಟಿತೆಂದೂ ಪ್ರತೀತಿಯಿದೆ. ಸುಮಾರು ೧೫೩೫ರಲ್ಲಿ ಆ ರಾಜ್ಯದ ಚರಿತ್ರೆಯನ್ನು ಬರೆದಿಟ್ಟ ಪೋರ್ಚುಗೀಸ್ ಕುದುರೆ ವರ್ತಕ ನೂನಿಜನ ಬರಹದಲ್ಲಿಯೂ ಈ ಕಥೆಯ ಒಂದು ರೂಪ ದೊರೆಯುತ್ತದೆ. ೧೫೩೭ರಲ್ಲಿ ಬೆಂಗಳೂರಿಗೆ ಕೋಟೆ ಕಟ್ಟಿಸಿದ ಕೆಂಪೇಗೌಡನೂ ಮೊಲವು ನಾಯಿಯನ್ನು ಅಟ್ಟುವುದನ್ನು ಕಂಡು ಅದನ್ನು ಗಂಡುಭೂಮಿಯೆಂದು ಗುರುತಿಸಿದನಂತೆ. ಇಷ್ಟೇಕೆ, ೧೪೧೧ರಲ್ಲಿ ಸಾಬರಮತಿಯ ದಡದಲ್ಲಿ ಸುಲ್ತಾನ ಅಹಮದ್ ಷಾನು ಕಟ್ಟಿಸಿದ ಅಹಮದಾಬಾದಿಗೂ ಇದೇ ಮೊಲ, ಇದೇ ನಾಯಿ.

ಒಂದೇ ಕಥೆಯು ಇಷ್ಟು ಊರುಗಳಿಗೆ ಅಂಟಿಕೊಂಡಿರುವುದನ್ನು ನೋಡಿ, ಇದು ಕಟ್ಟುಕಥೆಯೆಂದು ಕೆಲವರು ಮೂಗು ಮುರಿಯುವರು. ಇಕ್ಕಟ್ಟಿಗೆ ಸಿಕ್ಕಿದ ಯಾವ ಪ್ರಾಣಿಯಾದರೂ ಒಮ್ಮೆ ತಿರುಗಿಬೀಳುವುದು ಸಹಜವೆಂದೂ, ಪೊರೆ ಬಿಡುವ ಕಾಲದಲ್ಲಿ ಹಾವಿಗೆ ಆಹಾರದ ಮೇಲೆ ಆಸೆಯಿರುವುದಿಲ್ಲವೆಂದೂ ಪ್ರಾಣಿಶಾಸ್ತ್ರವನ್ನು ಬಲ್ಲವರು ವಿವರಿಸಬಹುದು. ಆ ವಿವರಣೆಯಿಂದ ಕಥೆಯ ಬೆಲೆ ಕುಂದುವುದಿಲ್ಲ. ಏಕೆಂದರೆ ಈ ಕಥೆಗಳ ಜೀವಾಳವು ಮೊಲದಲ್ಲಿಲ್ಲ, ಮೊಲವನ್ನು ಕಂಡವರು ಆಮೇಲೆ ಏನು ಮಾಡಿದರೆಂಬುದರಲ್ಲಿದೆ. ದುರ್ಬಲನೂ ಬಲಿಷ್ಠನನ್ನು ಎದುರಿಸಬಲ್ಲನೆಂಬ ನೆಚ್ಚಿಕೆ ಆ ಕಾಲದ ಜನಕ್ಕೆ ಬೇಕಾಗಿತ್ತು. ಮೊಲವು ಅದಕ್ಕೊಂದು ರೂಪ ಕೊಟ್ಟಿತು. ಶಕುನವನ್ನು ಕಂಡೆವೆಂದು ಅವರು ಕೈಕಟ್ಟಿ ಕುಳಿತಿದ್ದರೆ ಹಂಪೆಯ ಬಂಡೆಗಳ ನಡುವೆ ಇಂದು ಮೊಲಗಳು ಮಾತ್ರ ಇರುತ್ತಿದ್ದುವು. ಅವರು ಕೋಟೆ ಕಟ್ಟಿದರು, ಕಾಲುವೆ ತೆಗೆದರು, ಕೆರೆಗಳನ್ನು ತೋಡಿಸಿದರು. ಕೆಂಪೇಗೌಡನ ಹೆಸರು ಇಂದಿಗೂ ನಿಂತಿರುವುದು ಅವನು ಕಂಡ ಮೊಲದಿಂದಲ್ಲ; ಅವನು ಕಟ್ಟಿಸಿದ ಪೇಟೆಯಿಂದ, ಕೆಂಪಾಂಬುಧಿಯಂಥ ಕೆರೆಗಳಿಂದ. ಶಕುನವು ಅವರಿಂದ ಕೆಲಸವನ್ನು ಬೇಡಿತು. ಅವರು ಆ ಕೆಲಸವನ್ನು ಮಾಡಿದರು. ಶುಭಶಕುನವೆಂದರೆ ಇಂಥದೇ ಎಂದು ನಾವು ತಿಳಿದಿದ್ದೇವೆ.

ಕಾಗೆಯೂ ತಾಳೆಯ ಹಣ್ಣೂ

ಆದರೆ ದಿನನಿತ್ಯದ ಶಕುನಗಳು ಬೇರೆ ಜಾತಿಯವು. ಅವು ನಮ್ಮಿಂದ ಕೆಲಸವನ್ನು ಬೇಡುವುದಿಲ್ಲ. ಆದುದಕ್ಕೂ ಆಗದುದಕ್ಕೂ ಒಂದು ನೆಪವನ್ನು ಒದಗಿಸುವುವು. ಕಾಗೆ ಬಂದು ಕೂತುದಕ್ಕೂ ತಾಳೆಯ ಹಣ್ಣು ಉದುರಿದುದಕ್ಕೂ ಸಂಬಂಧ ಕಲ್ಪಿಸುವುದನ್ನು ನಮ್ಮ ಪೂರ್ವಿಕರು ಕಾಕತಾಳೀಯ ನ್ಯಾಯವೆಂದು ಕರೆದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂದು ಹಳ್ಳಿಯ ಮಾತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನಲ್ಲಿ ಬಿತ್ತೆಂದು ಹಾಸ್ಯ ಮಾಡಿದವರೂ ನಮ್ಮ ಅಜ್ಜಿಯರೇ. ೧೨ನೆಯ ಶತಮಾನದಲ್ಲಿ ಬಸವಣ್ಣನವರು ತಿಥಿ ಲಗ್ನಗಳ ಲೆಕ್ಕಾಚಾರವನ್ನೇ ಬದಿಗೊತ್ತಿದರು. ಹೀಗೆ ಶಕುನವನ್ನು ನಂಬುವುದು ಮಾತ್ರ ನಮ್ಮ ಸಂಪ್ರದಾಯವಲ್ಲ. ಅದನ್ನು ಒರೆಗೆ ಹಚ್ಚಿ ನೋಡುವುದೂ ನಮ್ಮ ಸಂಪ್ರದಾಯವೇ.

ಶಕುನವು ನಿಜವಾಗುವಂತೆ ತೋರಲು ಕಾರಣವೇನು? ನಮ್ಮ ನೆನಪಿನ ಪಕ್ಷಪಾತ. ಗೂಬೆ ಕೂಗಿದ ವಾರದಲ್ಲಿ ಮನೆಯ ಮುದುಕರೊಬ್ಬರು ತೀರಿಕೊಂಡರೆ ಆ ಕೂಗು ಮೂರು ತಲೆಮಾರಿನವರೆಗೂ ಮರೆಯುವುದಿಲ್ಲ. ಅದೇ ಗೂಬೆಯು ನೂರು ರಾತ್ರಿ ಕೂಗಿ, ನೂರು ಬೆಳಗ್ಗೆಯೂ ಮನೆಯವರೆಲ್ಲರೂ ಕ್ಷೇಮವಾಗಿ ಎದ್ದುದನ್ನು ಯಾರೂ ಬರೆದಿಡುವುದಿಲ್ಲ. ಇದಲ್ಲದೆ ರಾತ್ರಿಯೆಲ್ಲ ರೋಗಿಯ ಬಳಿ ಎಚ್ಚರವಿರುವವರಿಗೆ ಮಾತ್ರ ಗೂಬೆಯ ಕೂಗು ಕೇಳುವುದು. ಉಳಿದ ದಿನಗಳಲ್ಲಿ ನಾವು ನಿದ್ರೆಯಲ್ಲಿರುವೆವು. ಕೂಗು ಕೇಳಿದುದರಿಂದ ರೋಗ ಹೆಚ್ಚಿತೆನ್ನುವುದಕ್ಕಿಂತ, ರೋಗವಿದ್ದುದರಿಂದಲೇ ಕೂಗು ಕೇಳಿತೆನ್ನುವುದು ಸತ್ಯಕ್ಕೆ ಹತ್ತಿರ.

ತಪ್ಪು ಹೊರುವ ಪ್ರಾಣಿಗಳು

ಇಷ್ಟರಿಂದ ಕೆಡುವುದೇನೆಂದು ವಾಚಕರು ಕೇಳಬಹುದು. ಒಬ್ಬರ ತಪ್ಪನ್ನು ಮತ್ತೊಬ್ಬರ ಮೇಲೆ ಹೊರಿಸುವುದಕ್ಕೆ ಗೂಬೆ ಕೂರಿಸುವುದೆಂದು ಕನ್ನಡದಲ್ಲಿ ಹೇಳುತ್ತೇವೆ. ನಾವು ನಿಜವಾಗಿ ಮಾಡಿರುವುದು ಅದರ ತಿರುವುಮುರುವು: ನಮ್ಮ ಕಷ್ಟಗಳನ್ನೆಲ್ಲ ಗೂಬೆಯ ಮೇಲೆ ಕೂರಿಸಿದ್ದೇವೆ. ಮನೆಯೊಳಗೆ ಗೂಬೆ ಹೊಕ್ಕಿತೆಂದು ಬಾಳಿದ ಮನೆಯನ್ನು ತಿಂಗಳುಗಟ್ಟಲೆ ತೊರೆದು, ಶಾಂತಿ ಹೋಮಗಳಿಗಾಗಿ ಸಾಲ ಮಾಡಿದ ಸಂಸಾರಗಳಿವೆ. ಅದೇ ಗೂಬೆಗಳಲ್ಲೊಂದಕ್ಕೆ ಕಣಜದ ಗೂಬೆಯೆಂದು ಹೆಸರು. ಧಾನ್ಯದ ಕಣಜವನ್ನು ಇಲಿಗಳಿಂದ ಕಾಯುವ ಕೂಲಿಯಿಲ್ಲದ ಕಾವಲುಗಾರ ಅದು. ಅದನ್ನು ಕಲ್ಲು ಹೊಡೆದು ಓಡಿಸಿದ ಮನೆಯವರು ಆಮೇಲೆ ಇಲಿಯ ಪಾಷಾಣಕ್ಕೆ ಹಣ ತೆರುವರು. ದೀಪಾವಳಿಯ ಸಮಯದಲ್ಲಿ ಮಾಟಮಂತ್ರಗಳಿಗಾಗಿ ಗೂಬೆಗಳನ್ನು ಕದ್ದು ಮಾರುವ ವ್ಯಾಪಾರವು ಉತ್ತರ ಭಾರತದ ಪೇಟೆಗಳಲ್ಲಿ ನಡೆಯುತ್ತಿರುವುದನ್ನು ಪಕ್ಷಿರಕ್ಷಕರು ಹೊರಗೆಡಹಿದ್ದಾರೆ.

ಕಾಡುಪಾಪದ ಪಾಡು ಇನ್ನೂ ಕರುಣಾಜನಕವಾದುದು. ತುಮಕೂರು ಸೀಮೆಯ ಕುರುಚಲು ಕಾಡುಗಳಲ್ಲಿಯೂ, ಬೆಂಗಳೂರಿನ ಹಳೆಯ ತೋಪುಗಳಲ್ಲಿಯೂ ಉಳಿದುಕೊಂಡಿರುವ ಈ ಪ್ರಾಣಿ ಸುಮಾರು ಕಾಲು ಕಿಲೋ ತೂಗುವುದು. ಕೋತಿಗಳೂ ಮನುಷ್ಯರೂ ಸೇರಿರುವ ಗಣಕ್ಕೇ ಇದೂ ಸೇರಿದೆ. ದೊಡ್ಡ ದುಂಡು ಕಣ್ಣುಗಳು, ಕಡ್ಡಿಯಂಥ ಕೈಕಾಲುಗಳು, ಸದ್ದಿಲ್ಲದ ನಿಧಾನ ನಡಗೆ. ರಾತ್ರಿಯೆಲ್ಲ ಕೀಟಗಳನ್ನು ಹಿಡಿದು ತಿಂದು ಹಗಲು ಪೊದೆಯಲ್ಲಿ ಮುದುಡಿ ಮಲಗುವ ಈ ಸಾಧುಪ್ರಾಣಿಯನ್ನು ನಮ್ಮ ಹಿರಿಯರು ಕಾಡಿನ ಪಾಪ, ಎಂದರೆ ಕಾಡಿನ ಕೂಸು, ಎಂದು ಕರೆದರು. ಆದರೂ ಅದು ಕಣ್ಣಿಗೆ ಬಿದ್ದರೆ ಅಪಶಕುನವೆಂದು ಬಡಿದು ಕೊಲ್ಲುವವರಿದ್ದಾರೆ. ವಶೀಕರಣಕ್ಕೆಂದು ಅದರ ಕಣ್ಣುಗಳನ್ನು ಬಯಸುವ ಕ್ರೂರಿಗಳೂ ಇದ್ದಾರೆ. ನೆರೆಯ ತಮಿಳುನಾಡು ೨೦೨೨ರಲ್ಲಿ ಕಡವೂರಿನ ಕಾಡನ್ನು ಕಾಡುಪಾಪಗಳಿಗಾಗಿಯೇ ರಕ್ಷಿತ ಪ್ರದೇಶವೆಂದು ಸಾರಿತು. ಭಾರತದಲ್ಲಿ ಈ ಪ್ರಾಣಿಗೆಂದು ಮೀಸಲಾದ ಮೊದಲನೆಯ ಅಭಯಾರಣ್ಯವು ಅದೇ.

ಅಪಶಕುನದಿಂದ ಸಾಯುವ ಪ್ರಾಣಿಗಳಿರುವಂತೆಯೇ ಶುಭಶಕುನದಿಂದ ಸಾಯುವ ಪ್ರಾಣಿಗಳೂ ಇವೆ. ಮಣ್ಣುಮುಕ್ಕ ಹಾವಿನ ಬಾಲವು ಮೊಂಡಾಗಿ ತಲೆಯಂತೆಯೇ ಕಾಣುವುದರಿಂದ ಜನರು ಅದನ್ನು ಎರಡು ತಲೆಯ ಹಾವೆಂದು ಕರೆಯುವರು. ವಿಷವಿಲ್ಲದ, ಇಲಿಗಳನ್ನು ತಿಂದು ರೈತನಿಗೆ ಉಪಕಾರ ಮಾಡುವ ಈ ಹಾವನ್ನು ಮನೆಯಲ್ಲಿಟ್ಟುಕೊಂಡರೆ ನಿಧಿ ದೊರೆಯುವುದೆಂದು ನಂಬಿಸಿ, ಲಕ್ಷಗಟ್ಟಲೆ ರೂಪಾಯಿ ಕಿತ್ತುಕೊಳ್ಳುವ ಮೋಸಗಾರರ ಗುಂಪುಗಳು ನಮ್ಮ ರಾಜ್ಯದಲ್ಲಿ ಪದೇ ಪದೇ ಸಿಕ್ಕಿಬಿದ್ದಿವೆ. ನರಿಯ ಕೊಂಬೆಂದು ಮಾರುವ ವಸ್ತುವಿನ ವಿಷಯವೂ ಹೀಗೆಯೇ. ನರಿಗೆ ಕೊಂಬೇ ಇಲ್ಲವೆಂಬುದನ್ನು ಮರೆತವನು ಮಾತ್ರ ಅದನ್ನು ಕೊಂಡಾನು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇಂಥ ಪ್ರಾಣಿಗಳನ್ನು ಹಿಡಿಯುವುದೂ, ಮಾರುವುದೂ, ಮನೆಯಲ್ಲಿ ಇಟ್ಟುಕೊಳ್ಳುವುದೂ ಶಿಕ್ಷಾರ್ಹ ಅಪರಾಧವೆಂಬುದನ್ನು ಗೃಹಸ್ಥರು ಮರೆಯಬಾರದು.

ಎಲ್ಲಕ್ಕಿಂತ ಮಿಗಿಲಾದ ಹಾನಿಯು ಹಾವಿನ ಕಡಿತದ ವಿಷಯದಲ್ಲಿ ಆಗುವುದು. ನಾಗನನ್ನು ಪೂಜಿಸುವುದು, ನಾಗಬನದ ಮರಗಳನ್ನು ಕಡಿಯದೆ ಕಾಪಾಡುವುದು ನಮ್ಮ ನಾಡಿನ ಸೊಗಸಾದ ಪದ್ಧತಿಗಳು. ಆದರೆ ಕಡಿತವನ್ನು ದೈವದ ಮುನಿಸೆಂದು ಭಾವಿಸಿ, ಹರಕೆ ಮಂತ್ರಗಳಲ್ಲಿ ಹೊತ್ತು ಕಳೆದರೆ ವಿಷವು ಕಾಯುವುದಿಲ್ಲ. ೨೦೦೦ದಿಂದ ೨೦೧೯ರವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ಸುಮಾರು ೧೨ ಲಕ್ಷ ಜನ, ಎಂದರೆ ವರ್ಷಕ್ಕೆ ಸರಾಸರಿ ೫೮ ಸಾವಿರ ಜನ, ಸತ್ತಿರುವರೆಂದು ೨೦೨೦ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅಂದಾಜು ಮಾಡಿದೆ. ಕರ್ನಾಟಕ ಸರ್ಕಾರವು ೨೦೨೪ರಲ್ಲಿ ಹಾವಿನ ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆಜ್ಞೆ ಮಾಡಿತು. ಕಚ್ಚಿದ ಭಾಗವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಬಾಯಿಂದ ಹೀರದೆ, ರೋಗಿಯನ್ನು ಅಲುಗಾಡಿಸದಂತೆ ಪ್ರತಿವಿಷವಿರುವ ಆಸ್ಪತ್ರೆಗೆ ಒಡನೆಯೇ ಸಾಗಿಸುವುದೊಂದೇ ಮಾರ್ಗ. ಹರಕೆಯನ್ನು ರೋಗಿ ಮನೆಗೆ ಮರಳಿದ ಮೇಲೆ ತೀರಿಸಬಹುದು.

ಕಾಡು ಆಡುವ ಮಾತು

ಹಾಗಾದರೆ ಪ್ರಾಣಿಗಳಿಂದ ಯಾವ ಸೂಚನೆಯೂ ದೊರೆಯುವುದಿಲ್ಲವೆ? ಧಾರಾಳವಾಗಿ ದೊರೆಯುತ್ತದೆ. ಆದರೆ ಅದು ಅವುಗಳ ಬಾಳಿಗೆ ಸಂಬಂಧಿಸಿದ ಸೂಚನೆ; ನಮ್ಮ ಜಾತಕಕ್ಕೆ ಸಂಬಂಧಿಸಿದ್ದಲ್ಲ. ಬಂಡೀಪುರ ನಾಗರಹೊಳೆಗಳ ಕಾಡನ್ನು ಬಲ್ಲವರು ಕಣ್ಣಿಗಿಂತ ಹೆಚ್ಚಾಗಿ ಕಿವಿಯನ್ನು ನಂಬುವರು. ಎತ್ತರದ ಕೊಂಬೆಯಲ್ಲಿ ಕುಳಿತ ಮುಸುವವು ಕೆಮ್ಮಿದಂತೆ ಗದರಿದರೆ, ಕೆಳಗೆ ಮೇಯುವ ಚುಕ್ಕೆ ಜಿಂಕೆಗಳು ಬಾಲವೆತ್ತಿ ಕೂಗುವುವು. ಆಚೆಯ ಕಣಿವೆಯಲ್ಲಿ ಕಡವೆಯು ದೊಡ್ಡ ದನಿಯಲ್ಲಿ ಒದರುವುದು. ಹುಲಿಯೋ ಚಿರತೆಯೋ ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ನಡೆಯುತ್ತಿದೆಯೆಂಬುದು ಆ ಕೂಗುಗಳ ಸಾಲಿನಿಂದಲೇ ತಿಳಿದುಹೋಗುವುದು. ಕಾಡಿನಲ್ಲಿ ಹುಟ್ಟಿ ಬೆಳೆದ ಜೇನುಕುರುಬರಿಗೂ ಸೋಲಿಗರಿಗೂ ಇದು ಮನೆಯ ಮಾತಿನಷ್ಟೇ ಸಲೀಸು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿಯನ್ನು ಹುಲಿವೀರಪ್ಪನೆಂದು ಪೂಜಿಸುವರು. ಪೂಜೆಯಿದ್ದ ಮಾತ್ರಕ್ಕೆ ಅವರು ಮುಸುವದ ಎಚ್ಚರಿಕೆಯನ್ನು ಕಡೆಗಣಿಸುವುದಿಲ್ಲ. ಭಕ್ತಿಯೂ ಎಚ್ಚರವೂ ಒಂದೇ ಮನಸ್ಸಿನಲ್ಲಿ ಇರಬಲ್ಲವೆಂಬುದನ್ನು ಅವರಿಂದ ಕಲಿಯಬಹುದು.

ಒಕ್ಕಲುಮಕ್ಕಳೂ ಹೀಗೆಯೇ ಕಾಲವನ್ನು ಓದುವರು. ಮೊದಲ ಮಳೆಗೆ ನೆಲ ಹದವಾದೊಡನೆ ರೆಕ್ಕೆಯ ಗೆದ್ದಲು ಹುತ್ತದಿಂದೇಳುವುದು. ಉತ್ತರ ಮತ್ತು ಮಧ್ಯ ಭಾರತದ ರೈತರು ಕಾದು ನೋಡುವ ಚಾತಕಪಕ್ಷಿಯು ಆಫ್ರಿಕ ಖಂಡದಿಂದ ಮುಂಗಾರಿನ ಗಾಳಿಯ ಜೊತೆಯಲ್ಲಿಯೇ ಅಲ್ಲಿಗೆ ಬಂದಿಳಿಯುವುದು. ಇಲ್ಲಿ ಹಕ್ಕಿಗೂ ಮಳೆಗೂ ಇರುವ ಸಂಬಂಧವು ಕಾಗೆಗೂ ತಾಳೆಯ ಹಣ್ಣಿಗೂ ಇರುವಂಥದಲ್ಲ; ಎರಡಕ್ಕೂ ಗಾಳಿಯೇ ಕಾರಣ. ಕಾರಣವಿರುವ ಕಡೆ ಸೂಚನೆ. ಕಾರಣವಿಲ್ಲದ ಕಡೆ ಬರಿಯ ಶಕುನ. ಈ ಭೇದವೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಭಯ ತಾನಾಗಿಯೇ ತೊಲಗುವುದು.

ನಿಜವಾದ ಸೂಚನೆಯನ್ನು ಓದಲಾರದೆ ಹೋದುದರ ಫಲವನ್ನು ರಣಹದ್ದಿನ ಕಥೆಯಲ್ಲಿ ನೋಡಬೇಕು. ಸೀತಾದೇವಿಗಾಗಿ ಪ್ರಾಣ ಕೊಟ್ಟ ಜಟಾಯುವಿನ ಕುಲವೆಂದು ಕೈಮುಗಿಯುವ ನಾವೇ, ಹದ್ದು ಮನೆಯ ಮೇಲೆ ಕೂತರೆ ಅನಿಷ್ಟವೆಂದು ಬೆದರಿದೆವು. ಹೀಗೆ ಹದ್ದು ಬಂದರೆ ಕೇಡೆಂದು ನಂಬಿದ್ದ ನಾಡಿನಲ್ಲಿ ಅದು ಬಾರದೆ ಹೋದುದೇ ದೊಡ್ಡ ಕೇಡಾಯಿತು. ೧೯೯೨ರಿಂದ ೨೦೦೭ರ ವರೆಗಿನ ಹದಿನೈದು ವರ್ಷಗಳಲ್ಲಿ ಬಿಳಿಬೆನ್ನಿನ ರಣಹದ್ದುಗಳು ಭಾರತದಲ್ಲಿ ಸಾವಿರಕ್ಕೆ ಒಂದರಂತೆ ಮಾತ್ರ ಉಳಿದುವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದಿಂದ ಹದ್ದುಗಳ ಹೊಟ್ಟೆ ಸೇರಿ, ಅವುಗಳ ಮೂತ್ರಪಿಂಡವನ್ನು ಕೆಡಿಸುತ್ತಿತ್ತೆಂದು ೨೦೦೪ರಲ್ಲಿ ಗೊತ್ತಾಯಿತು. ೨೦೦೬ರಲ್ಲಿ ದನಗಳಿಗೆ ಆ ಔಷಧವನ್ನು ಕೊಡುವುದು ನಿಷಿದ್ಧವಾಯಿತು. ಅಷ್ಟರಲ್ಲಿ ಊರ ಹೊರಗೆ ದನದ ಹೆಣಗಳು ಕೊಳೆಯತೊಡಗಿ, ಅವನ್ನು ತಿಂದು ಬೀದಿನಾಯಿಗಳು ಹೆಚ್ಚಿದುವು. ಹುಚ್ಚುನಾಯಿಯ ಕಡಿತದ ಭಯವೂ ಹೆಚ್ಚಿತು. ನಮ್ಮ ರಾಜ್ಯದಲ್ಲಿ ೨೦೧೨ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದುಗಳ ರಕ್ಷಿತಧಾಮವಾಗಿ ಮಾಡಲಾಯಿತು. ಬರಿದಾದ ಆಕಾಶವೂ ಒಂದು ಶಕುನವೆಂದು ಯಾವ ಹಳೆಯ ಗ್ರಂಥವೂ ಹೇಳಿರಲಿಲ್ಲ. ಇನ್ನು ಮುಂದೆ ನಾವು ಅದನ್ನು ಸೇರಿಸಿಕೊಂಡು ಓದಬೇಕಾಗಿದೆ.

ತವರಿಗೆ ಬಂದ ಹೆಣ್ಣುಮಕ್ಕಳು

ನಂಬಿಕೆಯು ಕಾರುಣ್ಯದ ದಾರಿಯಲ್ಲಿ ನಡೆದರೆ ಎಂಥ ಫಲ ಕೊಡುವುದೆಂಬುದಕ್ಕೆ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೋಡಬೇಕು. ಪ್ರತಿ ವರ್ಷವೂ ಚಳಿಗಾಲದ ನಡುವೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಈ ಊರಿಗೆ ಬಂದು, ಬೀದಿಯ ಪಕ್ಕದ, ಹಿತ್ತಿಲಿನ ಹುಣಿಸೆಮರಗಳ ಮೇಲೆಯೇ ಗೂಡು ಕಟ್ಟಿ, ಮರಿ ಮಾಡಿ, ಮಳೆಗಾಲದ ಹೊತ್ತಿಗೆ ಹೊರಟುಹೋಗುವುವು. ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕಾಗಿ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುವರು. ಅವು ಬಂದ ವರ್ಷ ಮಳೆ ಬೆಳೆ ಚೆನ್ನಾಗಿ ಆಗುವುದೆಂಬುದು ಅವರ ನಂಬಿಕೆ. ಹಿಂದೆ ಪ್ಲೇಗಿನ ಹಾವಳಿಗೆ ಹೆದರಿ ಶಿಂಷಾ ನದಿಯ ಬಳಿಯಿದ್ದ ಹಳೆಯ ಊರನ್ನು ಬಿಟ್ಟುಬಂದಾಗ ಹಕ್ಕಿಗಳೂ ತಮ್ಮ ಹಿಂದೆಯೇ ಬಂದುವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ.

ಇಲ್ಲಿಯೂ ಒಂದು ಶಕುನವಿದೆ. ಆದರೆ ಅದು ಜನರಿಂದ ಏನನ್ನು ಬೇಡಿತೆಂಬುದನ್ನು ವಾಚಕರು ಗಮನಿಸಬೇಕು. ಗೂಡುಗಳ ಕೆಳಗೆ ಮೀನಿನ ನಾತ ತಡೆಯಲಸಾಧ್ಯವಾಗಿರುವುದು. ಹಿಕ್ಕೆ ಬಿದ್ದು ಮಾಡು ಅಂಗಳಗಳು ಹೊಲಸಾಗುವುವು. ಹುಣಿಸೆಯ ಫಸಲು ಕೈಗೆ ಹತ್ತುವುದಿಲ್ಲ. ಅದರ ನಷ್ಟಕ್ಕಾಗಿ ಅರಣ್ಯ ಇಲಾಖೆಯವರು ಮರದ ಒಡೆಯರಿಗೆ ಪರಿಹಾರ ಕೊ�ುವ ಏರ್ಪಾಡನ್ನು ಮಾಡಬೇಕಾಯಿತು. ಇಷ್ಟಾದರೂ ಊರಿನವರು ಹಕ್ಕಿಗಳನ್ನು ಓಡಿಸಲಿಲ್ಲ. ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಂಡರು. ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಸಾಕಿ ಮತ್ತೆ ಹಾರಿಬಿಡುವ ಕೆಲಸವನ್ನು ಊರಿನ ಹೆಜ್ಜಾರ್ಲೆ ಬಳಗದವರು ಕೈಗೊಂಡರು. ೨೦೦೭ರಲ್ಲಿ ಸರ್ಕಾರವು ಈ ಸ್ಥಳವನ್ನು ಸಮುದಾಯದ ರಕ್ಷಿತ ಪ್ರದೇಶವೆಂದು ಸಾರಿದುದು ಊರಿನವರ ಬಹುಕಾಲದ ನಡತೆಗೆ ಬಿದ್ದ ಮುದ್ರೆಯೆಂದೇ ಹೇಳಬೇಕು.

ಹಕ್ಕಿ ಬಂದರೆ ಮಳೆ ಬೆಳೆಯೆಂಬ ಮಾತಿನಲ್ಲಿ ಕಾರಣವೂ ಇಲ್ಲದಿಲ್ಲ. ಸುತ್ತಲಿನ ಕೆರೆಗಳಲ್ಲಿ ನೀರಿದ್ದು, ನೀರಿನಲ್ಲಿ ಮೀನಿದ್ದರೆ ಮಾತ್ರ ಹೆಜ್ಜಾರ್ಲೆಯು ಮರಿಗಳನ್ನು ಸಾಕಬಲ್ಲುದು. ಅದು ಬಂದಿದೆಯೆಂದರೆ ಕೆರೆಗಳು ಬದುಕಿವೆಯೆಂದು ಅರ್ಥ. ಬಾರದಿದ್ದರೆ ಕೆರೆಯ ಕಡೆಗೊಮ್ಮೆ ಹೋಗಿ ನೋಡಬೇಕೆಂದು ಅರ್ಥ. ೨೦೧೭ರ ಕೊನೆಯಿಂದ ೨೦೧೮ರ ಮೊದಲ ತಿಂಗಳುಗಳವರೆಗೆ ಇಲ್ಲಿ ಹಲವು ಹೆಜ್ಜಾರ್ಲೆಗಳು ಸತ್ತುಬಿದ್ದಾಗ, ಪಶುವೈದ್ಯರು ಪರೀಕ್ಷಿಸಿ ಅವುಗಳ ಒಡಲಲ್ಲಿ ಜಂತುಹುಳುಗಳನ್ನು ಕಂಡರು. ಮೀನಿನ ಮೂಲಕ ಹಕ್ಕಿಗೆ ಸೇರುವ ಹುಳು ಅದು. ಆಗ ಎಲ್ಲರ ದೃಷ್ಟಿಯೂ ಸುತ್ತಲಿನ ಕೆರೆಗಳ ಕೊಳಕು ನೀರಿನ ಕಡೆಗೆ ತಿರುಗಿತು. ತವರಿಗೆ ಬಂದ ಮಗಳು ಕಾಯಿಲೆ ಬಿದ್ದರೆ ತವರಿನ ಬಾವಿಯನ್ನು ಪರೀಕ್ಷಿಸಬೇಕಲ್ಲವೆ? ಶಕುನವು ಸೂಚನೆಯಾಗಿ ಬಲಿಯುವ ಬಗೆ ಇದೇ.

ಗೃಹಸ್ಥರು ಮಾಡಬೇಕಾದುದು

ಇಷ್ಟನ್ನು ತಿಳಿದ ಮೇಲೆ ನಮ್ಮ ಮನೆಗಳಲ್ಲಿ ನಡೆಸಬಹುದಾದ ಕೆಲವು ಕಾರ್ಯಗಳನ್ನು ಸೂಚಿಸುತ್ತೇವೆ. ಗೂಬೆಯೋ ಬಾವಲಿಯೋ ಮನೆಯೊಳಗೆ ಹೊಕ್ಕರೆ, ದೀಪವನ್ನಾರಿಸಿ, ಒಂದು ಕಿಟಕಿಯನ್ನು ಪೂರ್ತಿಯಾಗಿ ತೆರೆದು, ಎಲ್ಲರೂ ಹೊರಗೆ ಬಂದುಬಿಡತಕ್ಕದ್ದು. ದಾರಿ ತಪ್ಪಿ ಬಂದ ಹಕ್ಕಿಯು ತಾನಾಗಿಯೇ ಹೋಗುವುದು. ಹಾವು ಕಂಡರೆ ದೂರ ನಿಂತು, ಮಕ್ಕಳನ್ನು ಹಿಂದಕ್ಕೆ ಕಳುಹಿಸಿ, ಹಾವು ಹಿಡಿಯಲು ಬಲ್ಲವರಿಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಕೋಲು ಹಿಡಿದು ಮುನ್ನುಗ್ಗುವವನಿಗೇ ಕಡಿತದ ಅಪಾಯ ಹೆಚ್ಚು.

ಇನ್ನೊಂದು ಸುಲಭವಾದ ಪ್ರಯೋಗವುಂಟು. ಮನೆಯಲ್ಲಿ ಒಂದು ನೋಟುಪುಸ್ತಕವನ್ನಿಟ್ಟು, ಕಂಡ ಶಕುನವನ್ನೂ, ಆ ವಾರದಲ್ಲಿ ನಡೆದ ಒಳಿತು ಕೆಡಕುಗಳನ್ನೂ ಒಂದು ವರ್ಷದವರೆಗೆ ತಪ್ಪದೆ ಬರೆಯುತ್ತ ಬರಬೇಕು. ಫಲಿಸಿದುದನ್ನು ಬರೆದಂತೆಯೇ ಫಲಿಸದುದನ್ನೂ ಬರೆಯಬೇಕು. ಮಾತಿನಲ್ಲಿ ವಾದಿಸಿ ಹಿರಿಯರ ಮನಸ್ಸನ್ನು ನೋಯಿಸುವುದಕ್ಕಿಂತ ಈ ಪುಸ್ತಕವನ್ನು ಯುಗಾದಿಯ ದಿನ ಎಲ್ಲರೂ ಕುಳಿತು ಓದುವುದು ಮೇಲು. ಅದರಲ್ಲಿಯೇ ಯಾವ ಹಕ್ಕಿ ಯಾವ ತಿಂಗಳಲ್ಲಿ ಬಂತು, ಯಾವ ಮರದಲ್ಲಿ ಗೂಡು ಕಟ್ಟಿತು, ಹೋದ ವರ್ಷ ಬಂದುದು ಈ ವರ್ಷ ಏಕೆ ಬರಲಿಲ್ಲವೆಂಬುದನ್ನೂ ಮಕ್ಕಳಿಂದ ಬರೆಸಿದರೆ, ಭಯದ ಪುಸ್ತಕವು ಜ್ಞಾನದ ಪುಸ್ತಕವಾಗುವುದು.

ಮಕ್ಕಳ ವಿಷಯದಲ್ಲಿ ತಾಯಂದಿರ ಹೊಣೆ ದೊಡ್ಡದು. ಗೂಬೆ ಕೂಗಿದಾಗ ತಾಯಿ ಬೆಚ್ಚಿದರೆ ಮಗುವೂ ಬೆಚ್ಚುವುದನ್ನು ಕಲಿಯುವುದು. "ಅದಕ್ಕೆ ಹಸಿವಾಗಿರಬೇಕು; ನಮ್ಮ ಕಣಜದ ಇಲಿಯನ್ನು ಹುಡುಕಿಕೊಂಡು ಬಂದಿದೆ, ಮಲಗು ಕಂದ" ಎಂದು ಆಕೆ ಹೇಳಿದರೆ ಆ ಮಗು ಆಯುಷ್ಯವೆಲ್ಲ ನಿಶ್ಚಿಂತೆಯಾಗಿ ನಿದ್ರಿಸುವುದು; ಗೂಬೆಯೂ ಬದುಕುವುದು. ಗರುಡನನ್ನು ಕಂಡು ಕೈಮುಗಿಯುವ ಅಜ್ಜಿಯನ್ನು ತಡೆಯಬೇಕಾದುದಿಲ್ಲ. ಆಕೆಯ ಪಕ್ಕದಲ್ಲಿ ನಿಂತ ಮೊಮ್ಮಗನಿಗೆ ಆ ಗರುಡನು ಗೂಡು ಕಟ್ಟಿರುವ ಮರವನ್ನೂ ತೋರಿಸಿ, ಅದನ್ನು ಕಡಿಯಬಾರದೆಂದು ಹೇಳಿಕೊಟ್ಟರೆ ಆಕೆಯ ಭಕ್ತಿಯೂ ಸಾರ್ಥಕವಾಗುವುದು.

ಕಾಡಿನ ಪ್ರಾಣಿಯು ನಮಗಾಗಿ ದಾರಿಗೆ ಅಡ್ಡ ಬರುವುದಿಲ್ಲ. ಅದಕ್ಕೆ ಅದರದೇ ಹಸಿವು, ಅದರದೇ ಮರಿಗಳು, ಅದರದೇ ಅವಸರ. ಅದು ಹಾದುಹೋಗುವವರೆಗೆ ಒಂದು ನಿಮಿಷ ನಿಂತು ದಾರಿ ಬಿಟ್ಟುಕೊಡುವುದು ಶಕುನಕ್ಕೆ ಹೆದರಿದಂತಾಗುವುದಿಲ್ಲ. ಜೊತೆಯಲ್ಲಿ ಬಾಳುವ ಜೀವಕ್ಕೆ ತೋರುವ ಮರ್ಯಾದೆಯಾಗುವುದು. ಹೀಗೆ ನಿಂತು, ಕಣ್ತುಂಬ ನೋಡಿ, ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತೆಂದು ವಿಚಾರಿಸುವ ಪದ್ಧತಿಯು ನಮ್ಮ ಮನೆಮನೆಗಳಲ್ಲಿಯೂ ಬೆಳೆಯಲೆಂದು ಹಾರೈಸುತ್ತೇವೆ.